ಮೈಸೂರಿನಿಂದ ಕಾಂಡ್ಲಾ ಕಾಡಿಗೆ: ಕೆಸರಿನೊಳಗಿನ ಇಂಗಾಲ ಅಳೆಯುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಕಾಲೇಜು ವಿದ್ಯಾರ್ಥಿಗಳು, ಅವರ ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆ ಇದು: "ಪ್ರಾಜೆಕ್ಟ್‌ಗೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಇಂಗಾಲ ಅಳೀಬೇಕು ಅಂದ್ಕೊಂಡಿದ್ದೀವಿ. ಎಲ್ಲಿಂದ ಶುರು ಮಾಡೋದು?" ನಮ್ಮ ಕಡೆ ಕೆರೆ ಇದೆ, ನಾಲೆ ಇದೆ, ಸಮುದ್ರ ಇಲ್ಲ. ಕರಾವಳಿಗೆ ಹೋಗಿ ಬರುವುದು ದುಡ್ಡಿನ, ರಜೆಯ ವಿಷಯ. ಅಲ್ಲಿ ಹೋದ ಮೇಲೆ ಕೆಸರಿನ ಮಾದರಿ ತೆಗೆಯುವ ಪೈಪು ಹೇಗೆ ಇಳಿಸೋದು ಅಂತ ಯೋಚಿಸುತ್ತಾ ನಿಂತರೆ ನೀರು ಏರಿಬಿಡುತ್ತದೆ. ಅದಕ್ಕೇ ಊರಲ್ಲೇ ಮಾಡಿಕೊಳ್ಳಬಹುದಾದ ತಯಾರಿಯಿಂದ ಹಿಡಿದು ಕೊನೆಯ ಲೆಕ್ಕದವರೆಗೆ ಒಂದೊಂದೇ ಹಂತ ಬರೆದಿದ್ದೇನೆ.

ಮೊದಲೇ ಒಂದು ಮಾತು. ಹೆಚ್ಚಿನವರು ಮರಗಳ ಮೇಲೆ ಎರಡು ದಿನ ಕಳೆದು, ಕೆಸರಿಗೆ ಕೊನೆಯ ಅರ್ಧ ಗಂಟೆ ಕೊಡುತ್ತಾರೆ. ಇದು ತಲೆಕೆಳಗು. ಕಾಂಡ್ಲಾ ಕಾಡಿನಲ್ಲಿ ಇಂಗಾಲದ ದೊಡ್ಡ ಪಾಲು ಇರುವುದು ಮಣ್ಣಿನೊಳಗೆ. 2011ರಲ್ಲಿ ನೇಚರ್ ಜಿಯೊಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇಂಡೊ-ಪೆಸಿಫಿಕ್ ಪ್ರದೇಶದ 25 ಕಾಂಡ್ಲಾ ಕಾಡುಗಳನ್ನು ಅಳೆದಿತ್ತು. ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲ ಸಿಕ್ಕಿತು. ಅದರಲ್ಲಿ ಮಣ್ಣಿನ ಪಾಲು ಶೇ 49ರಿಂದ 98. ನಿಮ್ಮ ಸಮಯವನ್ನೂ ಅದೇ ಅಳತೆಯಲ್ಲಿ ಹಂಚಿ.

ಕಾಂಡ್ಲಾ ಅಂದರೆ ಅಳಿವೆಗಳಲ್ಲಿ, ಸಿಹಿನೀರು ಉಪ್ಪುನೀರು ಬೆರೆಯುವ ಕಡೆ ಬೆಳೆಯುವ ಮ್ಯಾಂಗ್ರೋವ್ ಮರಗಳು. ಭಾರತದ ಅರಣ್ಯ ಸ್ಥಿತಿ ವರದಿ 2021ರ ಪ್ರಕಾರ ದೇಶದಲ್ಲಿ 4,992 ಚದರ ಕಿ.ಮೀ. ಕಾಂಡ್ಲಾ ಕಾಡಿದೆ. ಕರ್ನಾಟಕದಲ್ಲಿ ಇರುವುದು 13 ಚದರ ಕಿ.ಮೀ. ಮಾತ್ರ. ನಮ್ಮ ಪಾಲು ಚಿಕ್ಕದು, ಅದೂ ಹೊಳೆ ಪಕ್ಕದಲ್ಲಿ ಕಿರಿದಾದ ಪಟ್ಟಿಗಳಾಗಿ ಹರಿದು ಹಂಚಿಹೋಗಿದೆ. ಈ ಕಿರಿದುತನ ಮುಂದೆ ಅಳತೆಯಲ್ಲಿ ತೊಂದರೆ ಕೊಡುತ್ತದೆ, ನೆನಪಿಟ್ಟುಕೊಳ್ಳಿ.

ಕೆಸರಿನಲ್ಲಿ ಅಷ್ಟೊಂದು ಇಂಗಾಲ ಯಾಕೆ ಉಳಿಯುತ್ತದೆ? ಎಲೆ, ಬೇರು, ಹೊಳೆ ತಂದ ಹೂಳು ಎಲ್ಲ ಒಂದರ ಮೇಲೊಂದು ಕೂರುತ್ತವೆ. ಇಳಿತದಲ್ಲೂ ಕೆಸರು ನೀರು ತುಂಬಿಕೊಂಡೇ ಇರುವುದರಿಂದ ಒಳಗೆ ಆಮ್ಲಜನಕ ಹೋಗುವುದಿಲ್ಲ. ಹಾಗಾಗಿ ಕೊಳೆಯುವುದು ತುಂಬಾ ನಿಧಾನ. ಮಂಡ್ಯದ ಭತ್ತದ ಗದ್ದೆಯಲ್ಲೂ ನೀರು ನಿಲ್ಲುತ್ತದೆ ಅಲ್ವಾ ಅಂತ ಕೇಳಬಹುದು. ನಿಲ್ಲುತ್ತದೆ, ಆದರೆ ಕೊಯ್ಲಿಗೆ ಮುಂಚೆ ಗದ್ದೆ ಒಣಗುತ್ತದೆ, ಉಳುಮೆಯಲ್ಲಿ ಮಣ್ಣು ಗಾಳಿಗೆ ತೆರೆದುಕೊಳ್ಳುತ್ತದೆ. ಜತೆಗೆ ಸಿಹಿನೀರಿನ ಗದ್ದೆಯಲ್ಲಿ ಮೀಥೇನ್ ಹುಟ್ಟುತ್ತದೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಇರುವುದರಿಂದ ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾಗಳು ಮುಂದಾಗಿ, ಮೀಥೇನ್ ಕಮ್ಮಿಯಾಗುತ್ತದೆ. ಕಾಂಡ್ಲಾ ಕೆಸರಿನಿಂದ ಬರುವ ಕೊಳೆತ ಮೊಟ್ಟೆಯ ವಾಸನೆ ಅದೇ ಬ್ಯಾಕ್ಟೀರಿಯಾಗಳ ಕೆಲಸ.

ಹಂತ 1: ಜಾಗ ಮತ್ತು ಅನುಮತಿ

ಹೊನ್ನಾವರದ ಶರಾವತಿ ಅಳಿವೆ, ಕುಮಟಾದ ಅಘನಾಶಿನಿ ಅಳಿವೆ, ಕಾರವಾರದ ಕಾಳಿ, ಕುಂದಾಪುರದ ಪಂಚಗಂಗಾವಳಿ — ನಮ್ಮ ಕಡೆಯವರು ಸಾಮಾನ್ಯವಾಗಿ ಇವುಗಳಲ್ಲೇ ಒಂದನ್ನು ಆರಿಸುತ್ತಾರೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ. ನಮ್ಮ ರಂಗನತಿಟ್ಟಿಗೆ 2022ರಲ್ಲಿ ಸಿಕ್ಕಿತಲ್ಲ, ಅದೇ ಮಾನ್ಯತೆ. ಮೊದಲ ಸಲ ಹೋಗುವವರು ಎರಡು ಮೂರು ಅಳಿವೆ ಹೋಲಿಸುವ ಆಸೆ ಬಿಡಿ. ಒಂದೇ ಅಳಿವೆ, ಚೆನ್ನಾಗಿ ಮಾಡಿ.

ಕಾಂಡ್ಲಾ ಕಾಡು ಕರಾವಳಿ ನಿಯಂತ್ರಣ ವಲಯದ ಅತಿ ಸೂಕ್ಷ್ಮ ಭಾಗಕ್ಕೆ ಸೇರುತ್ತದೆ. ಆದ್ದರಿಂದ ಆ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಮೊದಲೇ ಪತ್ರ ಬರೆಯಿರಿ. ನಿಮ್ಮ ವಿಭಾಗದ ಮುಖ್ಯಸ್ಥರ ಸಹಿ, ಎಷ್ಟು ಜನ, ಯಾವ ದಿನ, ಎಷ್ಟು ಮಣ್ಣು ತೆಗೆಯುತ್ತೀರಿ, ಯಾವ ಮರವನ್ನೂ ಕಡಿಯುವುದಿಲ್ಲ ಎಂಬ ಮಾತು, ಇಷ್ಟು ಇರಲಿ. "ಸುಮ್ನೆ ನೋಡೋಕೆ ಬಂದಿದ್ವಿ" ಅಂತ ಹೇಳಿ ಪೈಪು ಇಳಿಸಬೇಡಿ. ಉತ್ತರ ಬರಲು ವಾರಗಳೇ ಹಿಡಿಯಬಹುದು. ಪ್ರಾಜೆಕ್ಟ್‌ನ ಮೊದಲ ಕೆಲಸವೇ ಈ ಪತ್ರ ಆಗಲಿ.

ಮಳೆಗಾಲ ಬೇಡ. ಹೊಳೆ ತುಂಬಿ ಹರಿಯುತ್ತದೆ, ಇಳಿತವಿದ್ದರೂ ನೆಲ ಕಾಣುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಸಮಯ.

ಹಂತ 2: ಸಾಮಾನು

ಮರಕ್ಕೆ: ದರ್ಜಿ ಟೇಪು (ಬಟ್ಟೆಯದ್ದು ಬೇಡ, ನೆನೆದರೆ ಹಿಗ್ಗುತ್ತದೆ; ಫೈಬರ್‌ನದ್ದು ತಗೊಳ್ಳಿ), ಮೂವತ್ತು ಮೀಟರಿನ ಟೇಪು, 1.3 ಮೀಟರ್ ಎತ್ತರಕ್ಕೆ ಗುರುತು ಹಾಕಿದ ಕೋಲು, ಅಳೆದ ಮರಕ್ಕೆ ಗುರುತು ಹಾಕಲು ಸೀಮೆಸುಣ್ಣ, ಜಿಪಿಎಸ್ ಇರುವ ಫೋನು.

ಮಣ್ಣಿಗೆ: ತೆರೆದ ಮುಖದ ಆಗರ್ ಸಿಕ್ಕರೆ ಅದೇ ಸರಿ. ಇದು ಅರ್ಧ ಸೀಳಿದ ಪೈಪಿನಂಥ ಉಕ್ಕಿನ ಉಪಕರಣ. ಕೆಸರಿಗೆ ಒತ್ತಿ, ತಿರುಗಿಸಿ, ಎಳೆದರೆ ಮಣ್ಣಿನ ಪದರಗಳು ಹಾಗೇ ಬರುತ್ತವೆ, ಅದುಮುವುದು ಕಮ್ಮಿ. ವಿಶ್ವವಿದ್ಯಾಲಯದ ಭೂವಿಜ್ಞಾನ ಅಥವಾ ಪರಿಸರ ವಿಜ್ಞಾನ ವಿಭಾಗಗಳಲ್ಲಿ ಕೇಳಿ ನೋಡಿ. ಸಿಗದಿದ್ದರೆ ಒಂದೂವರೆ ಮೀಟರ್ ಉದ್ದದ ಪಿವಿಸಿ ಪೈಪುಗಳು, ಕೆಳ ಅಂಚನ್ನು ಅರದಿಂದ ಉಜ್ಜಿ ಚೂಪು ಮಾಡಿದ್ದು. ಮೇಲಿನ ಬಾಯಿ ಗಾಳಿಯಾಡದಂತೆ ಮುಚ್ಚಲು ರಬ್ಬರ್ ಬಿರಡೆ, ಮರದ ಸುತ್ತಿಗೆ, ಗರಗಸ, ಚಾಕು, ಸ್ಕೇಲು, ಜಿಪ್ ಕವರ್, ಪರ್ಮನೆಂಟ್ ಮಾರ್ಕರ್, ಐಸ್ ಪೆಟ್ಟಿಗೆ.

ಪೈಪು ಕೊಳ್ಳುವಾಗ ಒಂದು ಎಚ್ಚರ. ಅಂಗಡಿಯವರು 63 ಎಂಎಂ ಪೈಪು ಅಂದರೆ ಅದು ಹೊರಗಿನ ವ್ಯಾಸ. ನಿಮ್ಮ ಲೆಕ್ಕಕ್ಕೆ ಬೇಕಿರುವುದು ಒಳಗಿನದು. ವರ್ನಿಯರ್ ಕ್ಯಾಲಿಪರ್ ಇಟ್ಟು ಒಳವ್ಯಾಸ ನೀವೇ ಅಳೆಯಿರಿ. ಒಳಗೆ 58 ಎಂಎಂ ಇದ್ದು ನೀವು 63 ಅಂತ ಬರೆದರೆ ಕೊನೆಯಲ್ಲಿ ಶೇ 15ರಷ್ಟು ಇಂಗಾಲ ಲೆಕ್ಕದಿಂದ ಮಾಯವಾಗುತ್ತದೆ.

ಕಾಲಿಗೆ ಗಮ್ ಬೂಟು ಬೇಡ. ಮೊಣಕಾಲುದ್ದ ಕೆಸರಿನಲ್ಲಿ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಬರುತ್ತದೆ. ಬಿಗಿಯಾಗಿ ಲೇಸು ಕಟ್ಟುವ ಕ್ಯಾನ್ವಾಸ್ ಶೂ ಸಾಕು. ಬರಿಗಾಲು ಖಂಡಿತ ಬೇಡ, ಚಿಪ್ಪುಗಳು ಬ್ಲೇಡಿನಷ್ಟು ಚೂಪಾಗಿರುತ್ತವೆ.

ಹಂತ 3: ಊರಲ್ಲೇ ತಾಲೀಮು

ಇದನ್ನು ತಪ್ಪಿಸುವವರೇ ಜಾಸ್ತಿ. ಕರಾವಳಿಯಲ್ಲಿ ನಿಮಗೆ ಒಂದು ಇಳಿತಕ್ಕೆ ಸಿಗುವುದು ನಾಲ್ಕು ಗಂಟೆ. ಅದರಲ್ಲಿ ಕಲಿಯುವುದಕ್ಕೆ ಸಮಯ ಇಲ್ಲ.

ಮರ ಅಳೆಯುವ ತಾಲೀಮನ್ನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಾಡಿ. 7 ಮೀಟರ್ ತ್ರಿಜ್ಯದ ಒಂದು ವೃತ್ತ ಹಾಕಿ, ಒಳಗಿನ ಎಲ್ಲ ಮರದ ಸುತ್ತಳತೆ ತೆಗೆಯಿರಿ. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ನೋಡದೆ ಮತ್ತೆ ಅಳೆಯಲಿ. ಇಬ್ಬರ ಪಟ್ಟಿ ಹೋಲಿಸಿದರೆ ಯಾರು ಟೇಪನ್ನು ಓರೆಯಾಗಿ ಹಿಡಿಯುತ್ತಾರೆ, ಯಾರು ಅಂಚಿನ ಮರ ಬಿಡುತ್ತಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಕಾಂಡದಿಂದ ಹೊರಟು ನೆಲಕ್ಕೆ ಇಳಿಯುವ ಆಸರೆ ಬೇರು ಹೇಗಿರುತ್ತದೆ ಅಂತ ನೋಡಲು ಕೇದಗೆ ಪೊದೆ ಎಲ್ಲಾದರೂ ಸಿಕ್ಕೇ ಸಿಗುತ್ತದೆ.

ಪೈಪು ಇಳಿಸುವ ತಾಲೀಮಿಗೆ ಮಂಡ್ಯ ಕಡೆಯ ಗದ್ದೆ ಚೆನ್ನಾಗಿರುತ್ತದೆ. ವಿಸಿ ನಾಲೆಗೆ ನೀರು ಬಿಟ್ಟು, ಕೆಸರು ಹೊಡೆದು, ನಾಟಿಗೆ ಮುಂಚಿನ ದಿನಗಳಲ್ಲಿ ಗದ್ದೆಯ ಯಜಮಾನರನ್ನು ಕೇಳಿ ಒಂದು ಮೂಲೆಯಲ್ಲಿ ಮಾಡಿ. ನಾಟಿ ಆದ ಮೇಲೆ ಹೋಗಿ ಪೈರು ತುಳಿದರೆ ಬೈಸಿಕೊಳ್ಳುತ್ತೀರಿ, ಅದು ನ್ಯಾಯವೇ. ಗದ್ದೆಯಲ್ಲಿ ಒಂದು ಗೇಣು ಇಳಿಯುವಷ್ಟರಲ್ಲಿ ಉಳುಮೆಯ ಅಡಿಯ ಗಟ್ಟಿ ಪದರ ಸಿಗುತ್ತದೆ, ಪೈಪು ಒಂದು ಮೀಟರ್ ಹೋಗುವುದಿಲ್ಲ. ಪರವಾಗಿಲ್ಲ. ಕಲಿಯಬೇಕಿರುವುದು ಬಾಯಿ ಮುಚ್ಚಿ ಎಳೆಯುವುದು, ಅದುಮಿದ್ದನ್ನು ಅಳೆಯುವುದು, ಕತ್ತರಿಸಿ ಕವರಿಗೆ ಹಾಕುವುದು.

ಆ ಗದ್ದೆ ಮಣ್ಣನ್ನು ಬಿಸಾಡಬೇಡಿ. ಲ್ಯಾಬ್ ಕೆಲಸದ ತಾಲೀಮೂ ಅದರಲ್ಲೇ ಆಗಲಿ. ರೈತರ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಅಂತ ಒಂದು ಸಾಲು ಇರುತ್ತದೆ: ಶೇ 0.5ಕ್ಕಿಂತ ಕಮ್ಮಿ ಇದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು. ಆ ಗದ್ದೆಗೆ ಚೀಟಿ ಇದ್ದರೆ ನಿಮ್ಮ ಅಂಕಿಯನ್ನು ಅದರ ಜತೆ ಇಟ್ಟು ನೋಡಿ. ಶೇ 6 ಅಂತ ಬಂದಿದ್ದರೆ ಗದ್ದೆ ಬಂಗಾರ ಅಲ್ಲ, ನಿಮ್ಮ ಲೆಕ್ಕ ತಪ್ಪು.

ಹಂತ 4: ಇಳಿತದ ಹೊತ್ತು, ಪ್ಲಾಟ್ ಹಾಕುವುದು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಇಳಿತ ಜಾಸ್ತಿ, ಉಬ್ಬರವೂ ಜಾಸ್ತಿ. ವೇಳಾಪಟ್ಟಿಗೆ ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆಯ ಮುನ್ಸೂಚನೆ ನೋಡಿ. ಆದರೆ ಅದು ಬಂದರಿನ ಹೊತ್ತು. ಹೊಳೆಯಲ್ಲಿ ಮೇಲೆ ಹೋದಷ್ಟೂ ಇಳಿತ ತಡವಾಗಿ ಬರುತ್ತದೆ. ಎಷ್ಟು ತಡ ಅಂತ ಅಲ್ಲಿನ ದೋಣಿಯವರನ್ನು ಕೇಳಿ, ಅವರ ಮಾತೇ ಕೊನೆ. ಇಳಿತಕ್ಕೆ ಎರಡು ಗಂಟೆ ಮುಂಚೆ ಒಳಗೆ ಹೋಗಿ, ಎರಡು ಗಂಟೆ ಆದ ಮೇಲೆ ಏನೇ ಬಾಕಿ ಇದ್ದರೂ ಹೊರಗೆ ಬನ್ನಿ. ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಳ್ಳಿ. ಈಜು ಬರುತ್ತದೆ ಅನ್ನುವ ಧೈರ್ಯ ಕೆರೆಗೆ ಸಾಕು, ಅಳಿವೆಗೆ ಸಾಲದು.

ಪ್ಲಾಟ್ ಅಂದರೆ ಅಳೆಯಲು ಗುರುತು ಮಾಡಿಕೊಂಡ ತುಂಡು ಜಾಗ. ಹಲವು ದೇಶಗಳಲ್ಲಿ ಬಳಸುವ ಕ್ರಮ ಹೀಗಿದೆ: ನೀರಿನ ಅಂಚಿನಿಂದ ಒಳಗೆ ನೇರ ಒಂದು ಗೆರೆ, ಅದರ ಮೇಲೆ 25 ಮೀಟರಿಗೆ ಒಂದರಂತೆ ಆರು ವೃತ್ತಗಳು. ಪ್ರತಿ ವೃತ್ತದ ತ್ರಿಜ್ಯ 7 ಮೀಟರ್. ವ್ಯಾಸ 5 ಸೆಂ.ಮೀ.ಗಿಂತ ಕಮ್ಮಿ ಇರುವ ಸಣ್ಣ ಮರಗಳಿಗೆ ಅದರೊಳಗೇ 2 ಮೀಟರ್ ತ್ರಿಜ್ಯದ ಚಿಕ್ಕ ವೃತ್ತ.

ಆರು ಪ್ಲಾಟಿಗೆ ಹತ್ತಿರ ಹತ್ತಿರ 150 ಮೀಟರ್ ಅಗಲದ ಕಾಡು ಬೇಕು. ನಮ್ಮ ಅಳಿವೆಗಳಲ್ಲಿ ಎಷ್ಟೋ ಕಡೆ ಅಷ್ಟು ಅಗಲ ಇಲ್ಲ. ಅಂಥ ಕಡೆ ಎರಡು ಮೂರು ಪ್ಲಾಟಿನ ಚಿಕ್ಕ ಗೆರೆಗಳನ್ನು ಹೊಳೆಯುದ್ದಕ್ಕೂ ಬೇರೆ ಬೇರೆ ಕಡೆ ಹಾಕಿ. ಯಾವ ಕಡೆ ಅನ್ನುವುದನ್ನು ಮೈಸೂರಿನಲ್ಲೇ ಉಪಗ್ರಹ ನಕ್ಷೆ ನೋಡಿ, ಚೀಟಿ ಎತ್ತಿ ನಿರ್ಧರಿಸಿ. ಅಲ್ಲಿಗೆ ಹೋಗಿ "ಇಲ್ಲಿ ಮರ ಚೆನ್ನಾಗಿದೆ, ನಡೆಯೋಕೂ ಸುಲಭ" ಅಂತ ಆರಿಸಿದರೆ ನೀವು ಅಳೆದದ್ದು ನಡೆಯಲು ಸುಲಭವಾದ ಜಾಗವನ್ನು, ಕಾಡನ್ನಲ್ಲ. ಅರಣ್ಯ ಇಲಾಖೆ ನೆಟ್ಟ ಸಾಲು ಗಿಡಗಳನ್ನೂ ತಾನೇ ಬೆಳೆದ ಹಳೆಯ ಕಾಡನ್ನೂ ಒಂದೇ ಸರಾಸರಿಗೆ ಹಾಕಬೇಡಿ. ಎರಡಕ್ಕೂ ಬೇರೆ ಪ್ಲಾಟ್, ಬೇರೆ ಲೆಕ್ಕ.

ಮೊದಲು ಮಣ್ಣು, ಆಮೇಲೆ ಮರ. ಮರ ಅಳೆಯುತ್ತಾ ಪ್ಲಾಟ್ ಪೂರ್ತಿ ತುಳಿದ ಮೇಲೆ ಮೇಲಿನ ಪದರ ಮೊದಲಿನಂತೆ ಉಳಿದಿರುವುದಿಲ್ಲ.

ಹಂತ 5: ಕೆಸರು ತೆಗೆಯುವುದು

ಮೊದಲು ಆಳ ನೋಡಿ. ಒಂದು ಉದ್ದ ಕಬ್ಬಿಣದ ಸಲಾಕೆಯನ್ನು ಪ್ಲಾಟಿನ ಮೂರು ಕಡೆ ಒತ್ತಿ. ಮರಳೋ ಕಲ್ಲೋ ಸಿಕ್ಕಿ ನಿಂತರೆ ಅದೇ ಮಣ್ಣಿನ ಆಳ. ಮೀಟರಿಗಿಂತ ಜಾಸ್ತಿ ಇದ್ದರೆ "ಒಂದು ಮೀಟರಿಗಿಂತ ಹೆಚ್ಚು" ಅಂತ ಬರೆದುಕೊಂಡು, ಒಂದು ಮೀಟರಿನವರೆಗೆ ಮಾತ್ರ ಮಾದರಿ ತೆಗೆಯಿರಿ. ಬೇರೆಯವರ ಅಧ್ಯಯನಗಳ ಜತೆ ಹೋಲಿಸಲು ಒಂದು ಮೀಟರ್ ಅನ್ನುವುದು ಎಲ್ಲರೂ ಒಪ್ಪಿಕೊಂಡಿರುವ ಅಳತೆ.

ಬಿದ್ದ ಎಲೆಗಳನ್ನು ಕೈಯಿಂದ ಸರಿಸಿ. ದಪ್ಪ ಬೇರು, ಏಡಿ ಬಿಲ ಇಲ್ಲದ ಜಾಗ ನೋಡಿ. ಪೈಪನ್ನು ನೇರವಾಗಿ ಹಿಡಿದು, ಅತ್ತಿತ್ತ ಸ್ವಲ್ಪ ತಿರುಗಿಸುತ್ತಾ ಒತ್ತಿ. ತಿರುಗಿಸಿದಾಗ ಚೂಪಾದ ಅಂಚು ಸಣ್ಣ ಬೇರುಗಳನ್ನು ಕತ್ತರಿಸುತ್ತದೆ. ಸುತ್ತಿಗೆಯಿಂದ ಬಡಿಯುತ್ತಾ ಹೋದರೆ ಬೇರು ಕತ್ತರಿಸದೆ ಕೆಳಗೆ ಹೋಗಿ ಪೈಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ, ಅದರ ಕೆಳಗಿನ ಮಣ್ಣು ಒಳಗೇ ಬರುವುದಿಲ್ಲ. ನೀವು ಮಾತ್ರ ಮೀಟರ್ ಇಳಿಯಿತು ಅಂತ ಖುಷಿಯಲ್ಲಿರುತ್ತೀರಿ.

ಒಂದು ಮೀಟರ್ ಇಳಿದ ಮೇಲೆ, ಎಳೆಯುವ ಮುಂಚೆ, ಅದುಮಿದ ಅಳತೆ ತೆಗೆಯಿರಿ. ಪೈಪಿನ ಒಳಗಿನ ಮಣ್ಣಿನ ಮೇಲ್ಮೈ ಹೊರಗಿನ ನೆಲಕ್ಕಿಂತ ಕೆಳಗಿರುತ್ತದೆ. ಮೇಲಿನ ಬಾಯಿಯಿಂದ ಒಳಗಿನ ಮಣ್ಣಿಗೆ ಎಷ್ಟು, ಹೊರಗಿನ ನೆಲಕ್ಕೆ ಎಷ್ಟು ಅಂತ ಟೇಪು ಇಳಿಸಿ ನೋಡಿ. ವ್ಯತ್ಯಾಸ 12 ಸೆಂ.ಮೀ. ಇದ್ದರೆ ನೂರು ಸೆಂ.ಮೀ. ಮಣ್ಣು 88ಕ್ಕೆ ಅದುಮಿದೆ ಎಂದರ್ಥ. ಅದುಮಿದ ಪ್ರಮಾಣ 0.88. ಈ ಒಂದು ಅಂಕಿ ಬರೆದುಕೊಳ್ಳದಿದ್ದರೆ ನಿಮ್ಮ ಕೊನೆಯ ಉತ್ತರ ಶೇ 14ರಷ್ಟು ಉಬ್ಬುತ್ತದೆ. ಮನೆಗೆ ಬಂದ ಮೇಲೆ ಇದನ್ನು ಸರಿಪಡಿಸಲು ದಾರಿಯೇ ಇಲ್ಲ.

ಈಗ ಪೈಪಿಗೆ ಮೇಲಿಂದ ನೀರು ತುಂಬಿ ಬಿರಡೆ ಬಿಗಿಯಾಗಿ ಹಾಕಿ. ಒಳಗೆ ಗಾಳಿ ಹೋಗದಿದ್ದರೆ ಮಣ್ಣು ಜಾರುವುದಿಲ್ಲ. ಇಬ್ಬರು ತಿರುಗಿಸುತ್ತಾ ನಿಧಾನವಾಗಿ ಎಳೆಯಿರಿ. ಕೆಳಗಿನ ತುದಿ ಕಂಡ ತಕ್ಷಣ ಮೂರನೆಯವರು ಅಂಗೈ ಒತ್ತಿ ಹಿಡಿಯಬೇಕು.

ಗಟ್ಟಿ ನೆಲಕ್ಕೆ ತಂದು ಪೈಪನ್ನು ಉದ್ದಕ್ಕೆ ಎರಡೂ ಕಡೆ ಗರಗಸದಿಂದ ಸೀಳಿ, ಮೇಲಿನ ಅರ್ಧ ತೆಗೆಯಿರಿ. ಹೀಗೆ ಮಾಡಿದರೆ ಒಂದು ಪೈಪು ಒಂದೇ ಸಲಕ್ಕೆ. ಆದರೆ ಕೋಲಿನಿಂದ ದೂಡಿ ಹೊರತೆಗೆಯುವುದಕ್ಕಿಂತ ಇದು ವಾಸಿ, ದೂಡಿದರೆ ಮತ್ತೆ ಅದುಮುತ್ತದೆ. ತೆರೆದ ಮೇಲೆ ಒಂದು ನಿಮಿಷ ಸುಮ್ಮನೆ ನೋಡಿ. ಮೇಲೆ ಬೆರಳಿನಷ್ಟು ದಪ್ಪದ ಕಂದು ಪದರ, ಅಲ್ಲಿಗೆ ಗಾಳಿ ತಗುಲುತ್ತದೆ. ಅದರ ಕೆಳಗೆ ಬೂದು, ಆಮೇಲೆ ಹೊಳೆಯುವ ಕಪ್ಪು, ಮೊಟ್ಟೆ ವಾಸನೆ, ನಾರು ನಾರಾದ ಹಳೆಯ ಬೇರು. ನಡುವೆ ಎಲ್ಲೋ ಬಿಳಿ ಚಿಪ್ಪಿನ ಚೂರು, ಒಂದು ಪಟ್ಟಿ ಮರಳು. ಹೊತ್ತು ಕಳೆದ ಹಾಗೆ ಗಾಳಿಗೆ ಕಪ್ಪು ಬಣ್ಣ ಮಾಸುತ್ತದೆ, ಆದ್ದರಿಂದ ಪಕ್ಕದಲ್ಲಿ ಸ್ಕೇಲು ಇಟ್ಟು ಆಗಲೇ ಫೋಟೊ ತೆಗೆಯಿರಿ. ಬಣ್ಣ ಬದಲಾಗುವ ಆಳಗಳನ್ನು ಬರೆದುಕೊಳ್ಳಿ.

ಮಣ್ಣನ್ನು ನಾಲ್ಕು ಪದರ ಅಂತ ಲೆಕ್ಕ ಹಾಕುತ್ತೇವೆ: 0–15, 15–30, 30–50, 50–100 ಸೆಂ.ಮೀ. ಪ್ರತಿ ಪದರದ ನಡುವಿನಿಂದ 5 ಸೆಂ.ಮೀ. ತುಂಡು ಸಾಕು. ಇಲ್ಲಿ ಅದುಮಿದ ಪ್ರಮಾಣ ಕೆಲಸಕ್ಕೆ ಬರುತ್ತದೆ. ನೆಲದ 20ರಿಂದ 25 ಸೆಂ.ಮೀ. ತುಂಡು ಬೇಕಾದರೆ ಎರಡನ್ನೂ 0.88ರಿಂದ ಗುಣಿಸಿ, ಪೈಪಿನೊಳಗೆ ಅದು 17.6ರಿಂದ 22 ಸೆಂ.ಮೀ. ಆ ತುಂಡು ನೋಡಲು 4.4 ಸೆಂ.ಮೀ. ಇದ್ದರೂ ಅದು ನೆಲದಲ್ಲಿದ್ದಾಗ 5 ಸೆಂ.ಮೀ. ಗಾತ್ರದ್ದೇ.

ಕವರಿನ ಮೇಲೆ ಅಳಿವೆ, ಪ್ಲಾಟ್, ಆಳ, ದಿನಾಂಕ ಬರೆಯಿರಿ. ಅದನ್ನೇ ಪೆನ್ಸಿಲ್‌ನಲ್ಲಿ ಒಂದು ಚೀಟಿಯಲ್ಲಿ ಬರೆದು, ಚಿಕ್ಕ ಕವರಿನಲ್ಲಿ ಸುತ್ತಿ ಒಳಗೂ ಹಾಕಿ. ಮಾರ್ಕರ್ ಅಳಿಸುವುದಿಲ್ಲ ಅಂತ ಅದರ ಮೇಲೆ ಬರೆದಿರುತ್ತದೆ, ಐಸ್ ಪೆಟ್ಟಿಗೆಯೊಳಗೆ ಉಜ್ಜಿ ಉಜ್ಜಿ ಅಳಿಸುತ್ತದೆ. ಆರು ಪ್ಲಾಟಿಗೆ 24 ಕವರ್, ಎಲ್ಲ ಸೇರಿ ಐದಾರು ಕಿಲೋ ಹಸಿ ಮಣ್ಣು. ಬಸ್ಸಿನಲ್ಲಿ ತರಬಹುದು. ತಂಪಾಗಿಟ್ಟು ಆದಷ್ಟು ಬೇಗ ಒಣಗಲು ಹಾಕಿ, ತಡವಾದರೆ ಸೂಕ್ಷ್ಮಜೀವಿಗಳು ಇಂಗಾಲ ತಿನ್ನುತ್ತಾ ಕೂರುತ್ತವೆ. ಸೀಳಿದ ಪೈಪಿನ ತುಂಡು, ಪ್ಲಾಸ್ಟಿಕ್ ಪುಡಿ ಅಲ್ಲಿ ಬಿಡಬೇಡಿ.

ಹಂತ 6: ಮರ ಅಳೆಯುವುದು

ಎದೆ ಎತ್ತರ ಅಂದರೆ ನೆಲದಿಂದ 1.3 ಮೀಟರ್. ಅಲ್ಲಿ ಸುತ್ತಳತೆ ತೆಗೆದು 3.14ರಿಂದ ಭಾಗಿಸಿದರೆ ವ್ಯಾಸ. ಭಾಗಿಸಲು ಮರೆತು ಸುತ್ತಳತೆಯನ್ನೇ ಸೂತ್ರಕ್ಕೆ ಹಾಕುವುದು ಈ ಕೆಲಸದ ಅತಿ ಸಾಮಾನ್ಯ ತಪ್ಪು. ಉತ್ತರ 16 ಪಟ್ಟಿಗಿಂತ ಜಾಸ್ತಿ ಬರುತ್ತದೆ. ಪಟ್ಟಿಯ ತಲೆಬರಹದಲ್ಲೇ "ಸುತ್ತಳತೆ, ಸೆಂ.ಮೀ." ಅಂತ ಬರೆಯಿರಿ.

ರೈಜೋಫೊರಾ ಜಾತಿಯ ಮರಗಳಿಗೆ ಕಮಾನಿನಂಥ ಆಸರೆ ಬೇರುಗಳಿರುತ್ತವೆ. 1.3 ಮೀಟರಿನಲ್ಲಿ ಟೇಪು ಸುತ್ತಿದರೆ ಬೇರನ್ನೂ ಸೇರಿಸಿ ಸುತ್ತಿದ ಹಾಗೆ. ಎಲ್ಲಕ್ಕಿಂತ ಮೇಲಿನ ಬೇರು ಕಾಂಡದಿಂದ ಹೊರಡುವ ಜಾಗ ಹುಡುಕಿ, ಅದರಿಂದ 30 ಸೆಂ.ಮೀ. ಮೇಲೆ ಅಳೆಯಿರಿ. ಕೆಲವೊಮ್ಮೆ ಅದು ತಲೆಗಿಂತ ಮೇಲಿರುತ್ತದೆ. ಬೇರಿನ ಮೇಲೆ ಹತ್ತಬೇಡಿ, ಕೈಗೆಟಕುವಷ್ಟು ನೋಡಿ, ಆಗದಿದ್ದರೆ ಎಲ್ಲಿ ಅಳೆದಿರಿ ಅಂತ ಬರೆಯಿರಿ. ಅವಿಸೆನಿಯಾ ಅನ್ನುವ ಇನ್ನೊಂದು ಕಾಂಡ್ಲಾ ಮರ ಬುಡದಲ್ಲೇ ಕವಲೊಡೆಯುವುದು ಜಾಸ್ತಿ. 1.3 ಮೀಟರಿಗಿಂತ ಕೆಳಗೆ ಕವಲಾದರೆ ಪ್ರತಿ ಕವಲೂ ಬೇರೆ ಮರ. ಅದರ ಸುತ್ತ ಕೆಸರಿನಿಂದ ಪೆನ್ಸಿಲಿನಂತೆ ಎದ್ದಿರುವ ಉಸಿರುಬೇರುಗಳನ್ನು ತುಳಿಯದೆ ನಡೆಯಿರಿ.

ಎಕ್ಸೋಕೇರಿಯಾ ಅನ್ನುವ ಮರದ ಬಗ್ಗೆ ಹುಷಾರು. ಎಲೆ ಮುರಿದರೆ ಬರುವ ಬಿಳಿ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಚರ್ಮವೂ ಉರಿಯುತ್ತದೆ. ಗುರುತು ಗೊತ್ತಿಲ್ಲದ ಗಿಡದ ಎಲೆ ಕಿತ್ತು ನೋಡುವ ಚಪಲ ಬೇಡ.

ಸತ್ತು ನಿಂತ ಮರಗಳನ್ನು ಬೇರೆ ಪಟ್ಟಿಯಲ್ಲಿ ಬರೆಯಿರಿ: ಎಲೆ ಮಾತ್ರ ಹೋಗಿದೆಯೇ, ಸಣ್ಣ ಕೊಂಬೆಗಳೂ ಹೋಗಿವೆಯೇ, ಬರೀ ಮೋಟು ಉಳಿದಿದೆಯೇ. ಬಿದ್ದ ಎಲೆಗಳನ್ನು ಅಳೆಯುವ ಗೋಜು ಬೇಡ, ಉಬ್ಬರ ಅವನ್ನು ಹೊತ್ತೊಯ್ಯುತ್ತಿರುತ್ತದೆ, ಪಾಲೂ ತೀರಾ ಚಿಕ್ಕದು.

ಹಂತ 7: ಲ್ಯಾಬಿನಲ್ಲಿ

ಮೊದಲ ಕೆಲಸ ಬಲ್ಕ್ ಡೆನ್ಸಿಟಿ. ಅಂದರೆ ನೆಲದಲ್ಲಿದ್ದ ಗಾತ್ರಕ್ಕೆ ಒಣ ಮಣ್ಣು ಎಷ್ಟು ತೂಗುತ್ತದೆ ಅನ್ನುವುದು. ತುಂಡನ್ನು ಪೂರ್ತಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಎರಡು ಮೂರು ದಿನ ಹಿಡಿಯಬಹುದು. ಒಳವ್ಯಾಸ 5.8 ಸೆಂ.ಮೀ., ಉದ್ದ 5 ಸೆಂ.ಮೀ. ಆದರೆ ಗಾತ್ರ 132 ಘನ ಸೆಂ.ಮೀ. ಒಣ ತೂಕ 99 ಗ್ರಾಂ ಬಂದರೆ ಬಲ್ಕ್ ಡೆನ್ಸಿಟಿ 0.75. ಕೆಸರಿನಲ್ಲಿ ಇದ್ದ ಸ್ವಲ್ಪ ಮಣ್ಣು ಕವರಿಗೆ ಅಂಟಿ ಉಳಿದರೂ ಇದು ತಪ್ಪುತ್ತದೆ. ಕವರನ್ನು ತೊಳೆದು ಆ ನೀರನ್ನೂ ಒಣಗಿಸುವ ಬಟ್ಟಲಿಗೇ ಹಾಕಿ.

ಎರಡನೆಯದು ಮಣ್ಣಿನಲ್ಲಿ ಇಂಗಾಲ ಶೇಕಡ ಎಷ್ಟು ಅನ್ನುವುದು. ಮೂರು ದಾರಿಗಳಿವೆ.

ಇಂಗಾಲವನ್ನು ನೇರವಾಗಿ ಅಳೆಯುವ ಎಲಿಮೆಂಟಲ್ ಅನಲೈಸರ್ ಯಂತ್ರ ಇದ್ದರೆ ಅದೇ ಶ್ರೇಷ್ಠ. ಆದರೆ ಅದು ಚಿಪ್ಪಿನ ಸುಣ್ಣದಲ್ಲಿರುವ ಇಂಗಾಲವನ್ನೂ ಎಣಿಸುತ್ತದೆ. ನಮಗೆ ಬೇಕಿರುವುದು ಸಾವಯವ ಇಂಗಾಲ ಮಾತ್ರ. ಪುಡಿಗೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿ. ನೊರೆ ಬಂದರೆ ಸುಣ್ಣ ಇದೆ, ಮೊದಲು ಆಮ್ಲದಿಂದ ಅದನ್ನು ತೆಗೆಯಬೇಕು.

ಸುಟ್ಟು ತೂಗುವುದು ಅಗ್ಗದ ದಾರಿ. ಒಣ ಪುಡಿಯನ್ನು ಮಫಲ್ ಫರ್ನೇಸಿನಲ್ಲಿ 450 ಡಿಗ್ರಿಯಲ್ಲಿ ನಾಲ್ಕರಿಂದ ಎಂಟು ಗಂಟೆ ಇಟ್ಟರೆ ಸಾವಯವ ಅಂಶ ಸುಟ್ಟುಹೋಗುತ್ತದೆ, ಕಳೆದ ತೂಕವೇ ಅದರ ಅಳತೆ. ಅದರಲ್ಲಿ ಎಲ್ಲವೂ ಇಂಗಾಲ ಅಲ್ಲ, ಪರಿವರ್ತಿಸಬೇಕು. ಜೇಡಿ ಮಣ್ಣಾದರೆ ಜೇಡಿಯೊಳಗಿನ ನೀರೂ ಹೋಗಿ ಅಂಕಿ ಉಬ್ಬುತ್ತದೆ. ಬೇರೆ ದೇಶದ ಪರಿವರ್ತನೆ ಸೂತ್ರವನ್ನು ಕಣ್ಣು ಮುಚ್ಚಿ ಹಾಕಬೇಡಿ. ನಿಮ್ಮ 24ರಲ್ಲಿ ಐದಾರು ಮಾದರಿಯನ್ನಾದರೂ ಯಂತ್ರದಲ್ಲಿ ಓದಿಸಿ, ಎರಡರ ಸಂಬಂಧ ನೋಡಿ, ಉಳಿದವಕ್ಕೆ ಅದನ್ನೇ ಬಳಸಿ. ನನಗೆ ಕೇಳಿದರೆ ಸಾಮಾನ್ಯ ಕಾಲೇಜಿಗೆ ಇದೇ ಸರಿಯಾದ ದಾರಿ.

ಮೂರನೆಯದು ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳಲ್ಲಿ ರೂಢಿಯಲ್ಲಿರುವ ವಾಕ್ಲಿ-ಬ್ಲ್ಯಾಕ್ ವಿಧಾನ, ಡೈಕ್ರೋಮೇಟ್ ಹಾಕಿ ಟೈಟ್ರೇಷನ್ ಮಾಡುವುದು. ಗದ್ದೆ ಮಣ್ಣಿಗೆ ಚೆನ್ನಾಗಿ ಒಗ್ಗುತ್ತದೆ. ಕಾಂಡ್ಲಾ ಕೆಸರನ್ನು ಹಾಗೇ ಕೊಟ್ಟರೆ ಎಡವಟ್ಟು. ಉಪ್ಪಿನ ಕ್ಲೋರೈಡ್, ಆಮ್ಲಜನಕ ಇಲ್ಲದ ಕೆಸರಿನ ಕಬ್ಬಿಣ ಎರಡೂ ಡೈಕ್ರೋಮೇಟನ್ನು ತಿನ್ನುತ್ತವೆ, ಇಂಗಾಲ ಜಾಸ್ತಿ ಇದ್ದಂತೆ ಕಾಣುತ್ತದೆ. ಕ್ಲೋರೈಡಿಗೆ ಸಿಲ್ವರ್ ಸಲ್ಫೇಟ್ ಸೇರಿಸಬೇಕು. ಕೇಂದ್ರದವರಿಗೆ ಇದು ಉಪ್ಪುನೀರಿನ ಮಣ್ಣು ಅಂತ ಮೊದಲೇ ಹೇಳಿ.

ಹಂತ 8: ಲೆಕ್ಕ

ಮಣ್ಣಿನದು ಸುಲಭ. ಹೆಕ್ಟೇರಿಗೆ ಎಷ್ಟು ಟನ್ ಇಂಗಾಲ = ಬಲ್ಕ್ ಡೆನ್ಸಿಟಿ × ಪದರದ ದಪ್ಪ (ಸೆಂ.ಮೀ.) × ಇಂಗಾಲದ ಶೇಕಡ. ಉದಾಹರಣೆಗೆ 0.75 × 15 × 3.2 = 36 ಟನ್. ನಾಲ್ಕು ಪದರ ಕೂಡಿ. ಇಲ್ಲಿ ಹಾಕುವ ದಪ್ಪ ಪೂರ್ತಿ ಪದರದ್ದು, ನೀವು ಕತ್ತರಿಸಿದ 5 ಸೆಂ.ಮೀ. ತುಂಡಿನದ್ದಲ್ಲ. ಶೇಕಡವನ್ನು ಮತ್ತೆ ನೂರರಿಂದ ಭಾಗಿಸಬೇಡಿ, ಸೂತ್ರದಲ್ಲಿ ಅದು ಆಗಲೇ ಹೊಂದಿಕೊಂಡಿದೆ.

ಮರಕ್ಕೆ ತೂಕ ಹಾಕಲು ಕಡಿಯಬೇಕಿಲ್ಲ. ಬೇರೆಯವರು ಮರ ಕಡಿದು ತೂಗಿ ಕಂಡುಕೊಂಡ ಸೂತ್ರ ಬಳಸುತ್ತೇವೆ. 2005ರಲ್ಲಿ ಕೊಮಿಯಾಮಾ ಮತ್ತು ಸಂಗಡಿಗರು ಕೊಟ್ಟ ಸೂತ್ರ ಹೆಚ್ಚು ಬಳಕೆಯಲ್ಲಿದೆ:

ನೆಲದ ಮೇಲಿನ ತೂಕ (ಕೆ.ಜಿ.) = 0.251 × ಮರದ ಸಾಂದ್ರತೆ × ವ್ಯಾಸ^2.46

ಬೇರಿನ ತೂಕ (ಕೆ.ಜಿ.) = 0.199 × ಸಾಂದ್ರತೆ^0.899 × ವ್ಯಾಸ^2.22

ವ್ಯಾಸ ಸೆಂ.ಮೀ.ನಲ್ಲಿ. ಸಾಂದ್ರತೆ ಅಂದರೆ ಒಂದು ಘನ ಸೆಂ.ಮೀ. ಕಟ್ಟಿಗೆಯ ಒಣ ತೂಕ, ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಜಾಗತಿಕ ಮರ ಸಾಂದ್ರತೆ ದತ್ತಾಂಶದಲ್ಲಿ ನಿಮ್ಮ ಜಾತಿಯದ್ದು ಹುಡುಕಿ. ವ್ಯಾಸ 15, ಸಾಂದ್ರತೆ 0.65 ಅಂತ ಇಟ್ಟುಕೊಂಡರೆ ಮೇಲಿನದು ಸುಮಾರು 128 ಕೆ.ಜಿ., ಬೇರು 55 ಕೆ.ಜಿ. ಇಂಗಾಲಕ್ಕೆ ಮೊದಲನೆಯದನ್ನು 0.48ರಿಂದ, ಬೇರನ್ನು 0.39ರಿಂದ ಗುಣಿಸಿ. ಒಟ್ಟು ಸುಮಾರು 83 ಕೆ.ಜಿ. 7 ಮೀಟರ್ ವೃತ್ತ 154 ಚದರ ಮೀಟರ್, ಹಾಗಾಗಿ ಹೆಕ್ಟೇರಿಗೆ ಏರಿಸಲು 65ರಿಂದ ಗುಣಿಸಬೇಕು. 2 ಮೀಟರ್ ವೃತ್ತಕ್ಕೆ 796. ಎರಡನ್ನೂ ಅದಲುಬದಲು ಮಾಡಬೇಡಿ.

ಈ ಸೂತ್ರ ಹುಟ್ಟಿದ್ದು ಥಾಯ್ಲೆಂಡ್, ಇಂಡೊನೇಷ್ಯಾದ ಮರಗಳಿಂದ. ಅಲ್ಲಿ ತೂಗಿದ ಮರಗಳ ವ್ಯಾಸ 50 ಸೆಂ.ಮೀ. ಒಳಗೇ ಇತ್ತು. ನಿಮ್ಮ ಪ್ಲಾಟಿನಲ್ಲಿ ಅದಕ್ಕಿಂತ ದಪ್ಪದ ಮರ ಇದ್ದರೆ ಉತ್ತರವನ್ನು ಪೂರ್ತಿ ನಂಬಬೇಡಿ, ವರದಿಯಲ್ಲಿ ಹೇಳಿ.

ಮೇಲೆ ಲೆಕ್ಕ ಹಾಕಿದ 15 ಸೆಂ.ಮೀ. ವ್ಯಾಸದಂಥ ಹತ್ತು ಮರ ಇರುವ ಪ್ಲಾಟಿನಲ್ಲಿ ಮರಗಳ ಇಂಗಾಲ ಹೆಕ್ಟೇರಿಗೆ ಸುಮಾರು 54 ಟನ್. ಮೇಲಿನ ಉದಾಹರಣೆಯ ಮಣ್ಣು ಒಂದು ಮೀಟರ್ ಪೂರ್ತಿ ಹಾಗೇ ಇದ್ದರೆ 240 ಟನ್. ಪೈಪಿಗೆ ಅಷ್ಟು ಹಟ ಮಾಡಿದ್ದು ಇದಕ್ಕೇ.

ಆರು ಪ್ಲಾಟಿನ ಸರಾಸರಿ ಒಂದನ್ನೇ ಬರೆಯಬೇಡಿ, ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವುದನ್ನೂ ಬರೆಯಿರಿ. ಸರಾಸರಿ 240, ಪ್ಲಾಟುಗಳ ನಡುವಿನ ಸ್ಟಾಂಡರ್ಡ್ ಡೀವಿಯೇಷನ್ 48 ಆದರೆ, 48ನ್ನು ಆರರ ವರ್ಗಮೂಲದಿಂದ ಭಾಗಿಸಿ 2.57ರಿಂದ ಗುಣಿಸಿ (ಇದು ಆರು ಪ್ಲಾಟಿಗೆ, ಶೇ 95 ಭರವಸೆಗೆ ಹೊಂದುವ ಟಿ-ಮೌಲ್ಯ). 240, ಹೆಚ್ಚುಕಮ್ಮಿ 50. ಇಲ್ಲಿ ಎಣಿಕೆ ಪ್ಲಾಟುಗಳದ್ದು. 24 ಕವರ್ ಇದೆ ಅಂತ 24ರ ವರ್ಗಮೂಲ ಹಾಕಿದರೆ ಸುಳ್ಳು ಧೈರ್ಯ ಬರುತ್ತದೆ, ಒಂದೇ ಪೈಪಿನ ನಾಲ್ಕು ತುಂಡು ನಾಲ್ಕು ಬೇರೆ ಜಾಗ ಅಲ್ಲ.

ಹಂತ 9: ವರದಿ ಬರೆಯುವಾಗ

ನೀವು ಅಳೆದದ್ದು ಸಂಗ್ರಹ, ಅಂದರೆ ಇವತ್ತು ಅಲ್ಲಿ ಎಷ್ಟಿದೆ ಅನ್ನುವುದು. ವರ್ಷಕ್ಕೆ ಎಷ್ಟು ಸೇರುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಅದೇ ಮರಗಳನ್ನು ವರ್ಷಗಳ ನಂತರ ಮತ್ತೆ ಅಳೆಯಬೇಕು, ಕೆಸರಿನ ಪದರಗಳ ವಯಸ್ಸನ್ನು ಸೀಸ-210 ಎಂಬ ವಿಕಿರಣಶೀಲ ಸೀಸವನ್ನು ಅಳೆಯುವಂಥ ವಿಧಾನದಿಂದ ಕಂಡುಹಿಡಿಯಬೇಕು. "ಈ ಕಾಡು ವರ್ಷಕ್ಕೆ 240 ಟನ್ ಹೀರುತ್ತದೆ" ಅಂತ ಬರೆದ ವರದಿಗಳು ಓಡಾಡುತ್ತವೆ. ಕಾರ್ಬನ್ ಕ್ರೆಡಿಟ್ ಮಾತಾಡುವವರು ಅಂಥ ಸಾಲುಗಳನ್ನೇ ಎತ್ತಿಕೊಳ್ಳುತ್ತಾರೆ.

ಇಂಗಾಲವೋ ಇಂಗಾಲದ ಡೈಆಕ್ಸೈಡೋ ಅನ್ನುವುದನ್ನು ಪ್ರತಿ ಪಟ್ಟಿಯಲ್ಲೂ ಬರೆಯಿರಿ. ಇಂಗಾಲವನ್ನು 3.67ರಿಂದ ಗುಣಿಸಿದರೆ ಡೈಆಕ್ಸೈಡ್. 240 ಟನ್ 881 ಆಗುತ್ತದೆ. ಯಾವುದು ಅಂತ ಹೇಳದೆ ಅಂಕಿ ಕೊಟ್ಟರೆ ಓದುವವರು ತಮಗೆ ಬೇಕಾದ್ದನ್ನು ಅಂದುಕೊಳ್ಳುತ್ತಾರೆ.

ಇನ್ನೊಂದು ಆಮಿಷ: 1,023 ಟನ್ನನ್ನು ಕರ್ನಾಟಕದ 1,300 ಹೆಕ್ಟೇರಿನಿಂದ ಗುಣಿಸಿ "ರಾಜ್ಯದ ಒಟ್ಟು ಸಂಗ್ರಹ" ಅಂತ ಮುನ್ನುಡಿಯಲ್ಲಿ ಹಾಕುವುದು. ಅದು ಬೇರೆ ದೇಶಗಳ ದೊಡ್ಡ, ಆಳದ ಕೆಸರಿನ ಕಾಡುಗಳ ಸರಾಸರಿ. ನೀವು ಇಷ್ಟು ಕಷ್ಟಪಟ್ಟು ಅಳೆದ ಮೇಲೆ ಅದರ ಅಗತ್ಯವೂ ಇಲ್ಲ.

ಅಳತೆಯ ಮೂಲ ಪಟ್ಟಿ, ಪ್ಲಾಟುಗಳ ಜಿಪಿಎಸ್ ಗುರುತು, ಅದುಮಿದ ಪ್ರಮಾಣ, ಒಳವ್ಯಾಸ, ಲ್ಯಾಬ್ ವಿಧಾನ ಎಲ್ಲವನ್ನೂ ಅನುಬಂಧದಲ್ಲಿ ಹಾಕಿ. ಮುಂದಿನ ವರ್ಷದ ತಂಡ ಅದೇ ಪ್ಲಾಟಿಗೆ ಹೋಗುವಂತಿರಬೇಕು. ಒಂದು ಪ್ರತಿಯನ್ನು ಅನುಮತಿ ಕೊಟ್ಟ ಅರಣ್ಯ ಕಚೇರಿಗೆ ಕಳಿಸಿ. ಉಳಿದ ಒಣ ಪುಡಿಯನ್ನು ಗಾಳಿಯಾಡದ ಡಬ್ಬಿಗಳಲ್ಲಿ, ಚೀಟಿ ಸಮೇತ, ವಿಭಾಗದ ಕಪಾಟಿನಲ್ಲಿ ಇಡಿ. ಯಂತ್ರದಲ್ಲಿ ಓದಿಸುವ ಅವಕಾಶ ಮುಂದೆ ಸಿಕ್ಕರೆ ಅದೇ ಪುಡಿ ಸಾಕು, ಮತ್ತೆ ಕರಾವಳಿಗೆ ಹೋಗಬೇಕಿಲ್ಲ.